ರಥದೊಳಗೆ ಕೂತವರು ಯಾರು?

ನಮಸ್ಕಾರ.

'ಪ್ರಾಚೀನ ಭಾರತದ ಹಿಂದೂ ಮತ್ತು ಬೌದ್ಧ ತತ್ತ್ವಗಳು' ಎಂಬ ನಿಮ್ಮ 14 ಪುಟಗಳ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಹಾಕಲಾರೆ. ಆದರೆ 9ನೇ ಪುಟದಲ್ಲಿ ಒಂದು ಸಾಲಿದೆ. ಅದಿಲ್ಲದಿದ್ದರೆ ಈ ಕಾಗದ ಎರಡೇ ಸಾಲಿಗೆ ಮುಗಿಯುತ್ತಿತ್ತು.

ಬೇಸರದ ಮಾತು ಮೊದಲು ಆಗಿಹೋಗಲಿ. ಈ ಕಡೆ ಕರ್ಮ, ಪುನರ್ಜನ್ಮ, ಮೋಕ್ಷ. ಆ ಕಡೆ ನಾಲ್ಕು ಆರ್ಯಸತ್ಯ, ಅಷ್ಟಾಂಗ ಮಾರ್ಗ, ನಿರ್ವಾಣ. ಎಂಟು ಪುಟ ಇದೇ. ಪಿಯುಸಿ ಗೈಡಿನಲ್ಲೂ ಇದು ಸಿಗುತ್ತದೆ. ಕೊನೆಗೆ 'ಎರಡರ ಸಾರವೂ ಒಂದೇ' ಎಂದು ಮಂಗಳ ಹಾಡಿದ್ದೀರಿ. ಸಾರ ಒಂದೇ ಆಗಿದ್ದರೆ ಅವರು ಶತಮಾನಗಟ್ಟಲೆ ಕೂತು ವಾದ ಮಾಡಿದ್ದಾದರೂ ಯಾಕೆ?

ಇನ್ನು ಆ ಸಾಲು: 'ರಥದ ಉಪಮೆ ಕಠೋಪನಿಷತ್ತಿನಲ್ಲೂ ಇದೆ, ಮಿಲಿಂದಪಞ್ಹದಲ್ಲೂ ಇದೆ.' ಇಷ್ಟು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಲ್ಲ, ಮಾರಾಯರೇ! ನಿಮ್ಮ ಲೇಖನ ಇರುವುದೇ ಅಲ್ಲಿ.

ಕಠದಲ್ಲಿ ಯಮ ನಚಿಕೇತನಿಗೆ ಹೇಳುವುದು ಹೀಗೆ: ಮೈ ರಥ, ಇಂದ್ರಿಯಗಳು ಕುದುರೆ, ಮನಸ್ಸು ಲಗಾಮು, ಬುದ್ಧಿ ಸಾರಥಿ. ಒಳಗೆ ಕೂತು ಪಯಣಿಸುವವನು ಆತ್ಮ. ಕುದುರೆ ಹುಚ್ಚೆದ್ದು ಓಡಲಿ, ಸಾರಥಿ ತೂಕಡಿಸಲಿ, ಕೂತವನು ಇದ್ದೇ ಇದ್ದಾನೆ.

ಪಾಲಿ ಭಾಷೆಯ ಬೌದ್ಧ ಗ್ರಂಥ ಮಿಲಿಂದಪಞ್ಹದಲ್ಲಿ ಗ್ರೀಕ್ ಅರಸ ಮಿಲಿಂದ, ಅಂದರೆ ಕ್ರಿ.ಪೂ. 2ನೇ ಶತಮಾನದ ಮಿನಾಂಡರ್, ಭಿಕ್ಷುವಿನ ಹೆಸರು ಕೇಳುತ್ತಾನೆ. 'ನಾಗಸೇನ ಅನ್ನುತ್ತಾರೆ, ಅದು ಬರೀ ಹೆಸರು, ಒಳಗೆ ಯಾರೂ ಇಲ್ಲ' ಎಂಬ ಉತ್ತರ ಬರುತ್ತದೆ. ಹಾಗಾದರೆ ಕೂದಲು ನಾಗಸೇನನೋ, ಉಗುರೋ, ಹಲ್ಲೋ ಎಂದು ಅರಸ ಕೆಣಕುತ್ತಾನೆ. ಭಿಕ್ಷು ತಣ್ಣಗೆ ಕೇಳುತ್ತಾನೆ: ನಡೆದು ಬಂದೆಯೋ, ರಥದಲ್ಲೋ? ರಥದಲ್ಲಿ. ಮೂಕಿ ರಥವೋ? ಅಲ್ಲ. ಅಚ್ಚು? ಗಾಲಿ? ನೊಗ? ಯಾವುದೂ ಅಲ್ಲ. ಹಾಗಿದ್ದರೆ ರಥ ಎಲ್ಲಿದೆ? ಅರಸ ತಾನು ಒಡ್ಡಿದ ಬಲೆಗೆ ತಾನೇ ಬಿದ್ದ. ಬಿಡಿಭಾಗಗಳು ಸೇರಿದ್ದಕ್ಕೆ ಇಟ್ಟ ಹೆಸರು ರಥ, ನಾಗಸೇನನೂ ಹಾಗೆಯೇ.

ಅಲ್ಲಿ ರಥಿಕನನ್ನು ತೋರಿಸಲು ರಥ ಬಂತು. ಇಲ್ಲಿ ಹಿಡಿದುಕೊಳ್ಳಲು ರಥವೂ ಉಳಿಯಲಿಲ್ಲ. ಇದನ್ನು ಬರೆಯಿರಿ. ಬರೆಯುತ್ತಾ ಹೋದರೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: ಕೂತವನೇ ಇಲ್ಲದಿದ್ದರೆ ಮರುಹುಟ್ಟು ಯಾರಿಗೆ? ಮಿಲಿಂದನೂ ಬಿಡದೆ ಕೇಳುತ್ತಾನೆ. ದೀಪದಿಂದ ದೀಪ ಹಚ್ಚಿದರೆ ಈ ದೀಪ ಆ ದೀಪಕ್ಕೆ ಹೋಯಿತೇ ಎನ್ನುತ್ತಾನೆ ನಾಗಸೇನ. ನೀವು ಇದನ್ನೆಲ್ಲ 'ಪುನರ್ಜನ್ಮವನ್ನು ಇಬ್ಬರೂ ಒಪ್ಪುತ್ತಾರೆ' ಎಂಬ ಮೂರು ಪದದಲ್ಲಿ ಹೂತುಬಿಟ್ಟಿದ್ದೀರಿ. ಪದ ಒಂದೇ, ಒಪ್ಪಿದ್ದು ಬೇರೆ ಬೇರೆ.

ಕರ್ಮವೂ ಅಷ್ಟೆ. ಅದು ಮೊದಲಿನಿಂದ ಎಲ್ಲರ ಬಾಯಲ್ಲಿ ಓಡಾಡುತ್ತಿದ್ದ ಮಾತಿನಂತೆ ಬರೆದಿದ್ದೀರಿ. ಬೃಹದಾರಣ್ಯಕ ಉಪನಿಷತ್ತು ತೆಗೆದು ನೋಡಿ. ಸತ್ತವನ ಮಾತು ಬೆಂಕಿಗೆ, ಉಸಿರು ಗಾಳಿಗೆ ಸೇರಿದ ಮೇಲೆ ಆ ಮನುಷ್ಯ ಎಲ್ಲಿರುತ್ತಾನೆ ಎಂದು ಆರ್ತಭಾಗ ಎಂಬವನು ತುಂಬಿದ ಸಭೆಯಲ್ಲಿ ಯಾಜ್ಞವಲ್ಕ್ಯ ಋಷಿಯನ್ನು ಕೇಳುತ್ತಾನೆ. ಯಾಜ್ಞವಲ್ಕ್ಯ ಅಲ್ಲಿ ಉತ್ತರ ಕೊಡುವುದಿಲ್ಲ. 'ಕೈ ಕೊಡಪ್ಪ, ಇದು ಜನರ ನಡುವೆ ಆಡುವ ಮಾತಲ್ಲ' ಎಂಬಂತೆ ಆಚೆ ಕರೆದೊಯ್ಯುತ್ತಾನೆ. ಅವರಿಬ್ಬರೇ ಆಡಿದ ಮಾತು ಕರ್ಮದ್ದು.

ಎರಡು ತಪ್ಪುಗಳನ್ನು ತಿದ್ದಿಕೊಳ್ಳಿ. 'ವೇದಕಾಲದ ಹಿಂದೂಗಳು' ಎಂದಿದ್ದೀರಿ. ಆ ಕಾಲದವರು ತಮ್ಮನ್ನು ಹಾಗೆ ಕರೆದುಕೊಂಡಿರಲಿಲ್ಲ. ಅಶೋಕನ ಶಾಸನಗಳಲ್ಲೂ ಬರುವ ಜೋಡಿ ಹಿಂದೂ ಮತ್ತು ಬೌದ್ಧ ಅಲ್ಲ, ಶ್ರಮಣ (ಮನೆ ಬಿಟ್ಟ ಸನ್ಯಾಸಿ) ಮತ್ತು ಬ್ರಾಹ್ಮಣ. ಬೌದ್ಧರಲ್ಲಿ ದೇವತೆಗಳಿಲ್ಲ ಎಂಬುದೂ ಸರಿಯಲ್ಲ. ಬೋಧಿಯ ನಂತರ ಸುಮ್ಮನಿದ್ದುಬಿಡೋಣ ಎಂದುಕೊಂಡ ಬುದ್ಧನನ್ನು 'ಉಪದೇಶಿಸು' ಎಂದು ಬೇಡಿಕೊಳ್ಳುವವನೇ ಬ್ರಹ್ಮ ಸಹಂಪತಿ ಎಂಬ ದೇವತೆ. ದೇವತೆಗಳು ಧಾರಾಳವಾಗಿ ಇದ್ದಾರೆ, ಬಿಡುಗಡೆ ಕೊಡುವ ಅಧಿಕಾರ ಅವರಿಗಿಲ್ಲ.

1200 ಪದಗಳ ಒಳಗೆ, ರಥದಿಂದಲೇ ಶುರುಮಾಡಿ ಮತ್ತೆ ಬರೆಯಿರಿ. 'ಮಹೋನ್ನತ', 'ಅನುಪಮ' ಇತ್ಯಾದಿಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ಯೂನಿಕೋಡ್‌ನಲ್ಲಿ ಕಳಿಸಿದರೆ ಉಪಕಾರ. ಈ ಸಲದ ಕಡತದಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, 'ಆತ್ಮ' ಎಂಬುದನ್ನು ನಾನು ಊಹೆಯ ಮೇಲೆಯೇ ಓದಬೇಕಾಯಿತು.

— ಸಂಪಾದಕ