ಸ್ಟ್ರೋಕ್ ಆದ ಅಪ್ಪನ ಎಡಗೈ ಬಿಗಿಯಾಗ್ತಿದೆ, ತಟ್ಟೆಯ ಎಡಗಡೆ ಊಟ ಹಾಗೇ ಬಿಡ್ತಾರೆ. ಮನೆಯಲ್ಲಿ ಏನು ಮಾಡಿಸಬೇಕು?

ನೀವು ಬರೆದಿರುವುದು ಇಷ್ಟು: ತಂದೆಯವರಿಗೆ 62 ವರ್ಷ, ಮೆದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆಗಿ 7 ವಾರ. ಹಿಡಿದುಕೊಂಡರೆ ನಡೀತಾರೆ, ಎಡಗೈ ಸ್ವಲ್ಪ ಆಡುತ್ತದೆ. ಫಿಸಿಯೊ ದಿನಕ್ಕೆ ಮುಕ್ಕಾಲು ಗಂಟೆ ಬಂದು ಹೋಗುತ್ತಾರೆ. ಉಳಿದ ಹೊತ್ತು ನೀವು ರಬ್ಬರ್ ಚೆಂಡು ಹಿಸುಕಿಸುತ್ತೀರಿ, ಮರೆವಿಗೆ ಅಂತ ಮೊಬೈಲಿನಲ್ಲಿ ಮೆದುಳಿನ ಆಟ ಹಾಕಿಕೊಟ್ಟಿದ್ದೀರಿ. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ತಾಗಿಸಿಕೊಳ್ಳುತ್ತಾರೆ, ಎಡಗಡೆಗೆ ಬಡಿಸಿದ ಪಲ್ಯ ಮುಟ್ಟುವುದಿಲ್ಲ, ಕೇಳಿದರೆ ‘ನಂಗೇನಾಗಿದೆ?’ ಅನ್ನುತ್ತಾರೆ.

ನಾನು ಆಕ್ಯುಪೇಶನಲ್ ಥೆರಪಿ (ದಿನದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಚಿಕಿತ್ಸೆ) ಕೆಲಸದಲ್ಲಿರುವವನು. ನೀವು ಕೈಯನ್ನು ಒಂದು ಸಮಸ್ಯೆ, ಮರೆವನ್ನು ಇನ್ನೊಂದು ಸಮಸ್ಯೆ ಅಂದುಕೊಂಡು ಬೇರೆ ಬೇರೆ ಮದ್ದು ಹುಡುಕುತ್ತಿದ್ದೀರಿ. ನೀವು ಹೇಳುವ ಲಕ್ಷಣ ನೋಡಿದರೆ ಎರಡರ ನಡುವೆ ಮೂರನೆಯದೊಂದಿದೆ: ಎಡಭಾಗದ ನೆಗ್ಲೆಕ್ಟ್. ಕಣ್ಣು ಸರಿಯಿದ್ದರೂ ಎಡಗಡೆಯ ಪ್ರಪಂಚದ ಕಡೆ ಮೆದುಳು ಗಮನವನ್ನೇ ಕಳಿಸುವುದಿಲ್ಲ. ಆ ಪ್ರಪಂಚದಲ್ಲಿ ಅವರ ಸ್ವಂತ ಎಡಗೈಯೂ ಸೇರಿದೆ. ಇದಕ್ಕೆ ಕೈ ಹಾಕದೆ ಬರೀ ಕೈಗೆ ವ್ಯಾಯಾಮ ಮಾಡಿಸಿದರೆ, ಮಾಡಿಸುವಷ್ಟು ಹೊತ್ತು ಕೈ ಆಡುತ್ತದೆ, ನೀವು ಎದ್ದು ಹೋದ ಮೇಲೆ ತೊಡೆ ಮೇಲೆ ಸುಮ್ಮನೆ ಬಿದ್ದಿರುತ್ತದೆ.

ಮನೆಯಲ್ಲೇ ಒಂದು ಅಂದಾಜು ಮಾಡಿಕೊಳ್ಳಬಹುದು. ಬಿಳಿ ಹಾಳೆಯಲ್ಲಿ 20 ಸೆಂ.ಮೀ. ಉದ್ದದ ಅಡ್ಡಗೆರೆ ಎಳೆದು ಸರಿಯಾಗಿ ಅವರ ಎದೆಯ ಮುಂದಿಟ್ಟು, ನಡುವೆ ಗುರುತು ಹಾಕಲು ಹೇಳಿ. ನೆಗ್ಲೆಕ್ಟ್ ಇದ್ದರೆ ಗುರುತು ಸಾಮಾನ್ಯವಾಗಿ ಎದ್ದು ಕಾಣುವಷ್ಟು ಬಲಕ್ಕೆ ಸರಿದಿರುತ್ತದೆ. ಪೇಪರಿನ ಒಂದು ಪುಟದಲ್ಲಿ ‘ರ’ ಅಕ್ಷರಕ್ಕೆಲ್ಲ ಸುತ್ತು ಹಾಕಿ ಅನ್ನಿ, ಎಡಗಡೆಯ ಕಾಲಮ್ ಖಾಲಿ ಉಳಿಯುತ್ತದೆ. ಕಣ್ಣು ಮುಚ್ಚಿಸಿ ಎರಡೂ ಕೈ ಒಟ್ಟಿಗೆ ಮುಟ್ಟಿದರೆ ಬಲಗೈ ಮಾತ್ರ ಮುಟ್ಟಿದಿರಿ ಅನ್ನಬಹುದು, ಎಡಗೈಯನ್ನಷ್ಟೇ ಮುಟ್ಟಿದಾಗ ಗೊತ್ತಾದರೂ ಸಹ. ಸ್ಟ್ರೋಕಿನಲ್ಲಿ ಅರ್ಧ ದೃಷ್ಟಿಯೇ ಹೋಗುವುದೂ ಉಂಟು. ಅಂಥವರಿಗೆ ಸಾಮಾನ್ಯವಾಗಿ ಅದು ಗೊತ್ತಿರುತ್ತದೆ, ತಲೆ ತಿರುಗಿಸಿ ಹುಡುಕುತ್ತಾರೆ. ಎರಡೂ ಜೊತೆಗಿರುವ ಸಾಧ್ಯತೆಯೂ ಇರುವುದರಿಂದ ಕಣ್ಣಿನ ಆಸ್ಪತ್ರೆಯಲ್ಲಿ ಪೆರಿಮೆಟ್ರಿ (ಸುತ್ತ ಎಲ್ಲೆಲ್ಲಿ ಕಾಣುತ್ತದೆ ಎಂದು ಅಳೆಯುವ ಪರೀಕ್ಷೆ) ಒಮ್ಮೆ ಮಾಡಿಸಿ. ಕನ್ನಡಕ ಬದಲಿಸಿದರೆ ನೆಗ್ಲೆಕ್ಟ್ ಹೋಗುವುದಿಲ್ಲ.

ಈಗ ಊಟದ ತಟ್ಟೆ. ತಟ್ಟೆಯ ಎಡ ಅಂಚಿಗೆ, ಮೇಜಿನ ಎಡ ಅಂಚಿಗೆ, ಪೇಪರ್ ಓದುವಾಗ ಪುಟದ ಎಡ ಅಂಚಿಗೆ ಅಗಲವಾದ ಕೆಂಪು ಟೇಪು ಹಚ್ಚಿ. ನಿಯಮ ಒಂದೇ: ಕೆಂಪು ಕಾಣುವವರೆಗೆ ತಲೆ ತಿರುಗಿಸುವುದು, ಅಲ್ಲಿಂದ ಶುರು ಮಾಡುವುದು. ಇಲ್ಲಿ ಎಲ್ಲ ಮನೆಗಳಲ್ಲೂ ಆಗುವ ತಪ್ಪೆಂದರೆ ದಿನವಿಡೀ ‘ಅಪ್ಪಾ ಎಡಕ್ಕೆ ನೋಡಿ’ ಅನ್ನುವುದು. ಹೇಳಿದಾಗ ನೋಡುತ್ತಾರೆ, ಹೇಳದಿದ್ದರೆ ನೋಡುವುದಿಲ್ಲ, ಯಾಕೆಂದರೆ ಜ್ಞಾಪಿಸುವ ಕೆಲಸವನ್ನು ನೀವೇ ವಹಿಸಿಕೊಂಡಿದ್ದೀರಿ. ಅದರ ಬದಲು ಪ್ರಶ್ನೆ ಕೇಳಿ: ‘ಊಟ ಮುಗೀತಾ? ಹೇಗೆ ಗೊತ್ತಾಯ್ತು?’ ಉತ್ತರಕ್ಕೆ ಹತ್ತು ಸೆಕೆಂಡಾದರೂ ಕಾಯಿರಿ. ಬಲಗೈ ಬೆರಳನ್ನು ತಟ್ಟೆಯ ಅಂಚಿನ ಮೇಲೆ ಒಂದು ಸುತ್ತು ಓಡಿಸಲಿ, ಟೇಪು ಸಿಕ್ಕಿದಾಗ ತಾವೇ ಕಂಡುಕೊಳ್ಳುತ್ತಾರೆ. ತಟ್ಟೆಯನ್ನು ನೀವು ತಿರುಗಿಸಿಕೊಟ್ಟರೆ ಹೊಟ್ಟೆ ತುಂಬುತ್ತದೆ, ಕಲಿಕೆ ಆಗುವುದಿಲ್ಲ. ಒಂದೆರಡು ವಾರದಲ್ಲಿ ಟೇಪನ್ನು ಕಿರಿದು ಮಾಡುತ್ತಾ ಕೊನೆಗೆ ತೆಗೆದುಬಿಡಿ.

ಮಾತಾಡಿಸುವಾಗ ಎಡಗಡೆ ಕೂತು, ಮೊದಲು ಎಡಗೈ ಮುಟ್ಟಿ ಆಮೇಲೆ ಮಾತು ಶುರು ಮಾಡಿ. ಆದರೆ ನೀರು, ಮೊಬೈಲು, ಕರೆಗಂಟೆ ಬಲಗಡೆಯೇ ಇರಲಿ. ಅಗತ್ಯದ ವಸ್ತುವನ್ನೆಲ್ಲ ‘ಅಭ್ಯಾಸ ಆಗಲಿ’ ಅಂತ ಎಡಕ್ಕೆ ಇಟ್ಟು, ರಾತ್ರಿ ನೀರಿಗೆ ತಡಕಾಡಿ ಮಂಚದಿಂದ ಬೀಳುವ ಹಾಗೆ ಮಾಡಬೇಡಿ.

ಚೆಂಡನ್ನು ಎತ್ತಿಡಿ. ಸ್ಟ್ರೋಕ್ ಆದ ಕೈಯಲ್ಲಿ ಮಡಚುವ ಸ್ನಾಯುಗಳು ಮೊದಲು ಬಿಗಿಯುತ್ತವೆ, ಬಿಡಿಸುವ ಸ್ನಾಯುಗಳು ಹಿಂದೆ ಬೀಳುತ್ತವೆ. ಈಗಾಗಲೇ ಮುಷ್ಟಿಯಾಗುತ್ತಿರುವ ಕೈಗೆ ಇನ್ನಷ್ಟು ಹಿಸುಕುವ ಅಭ್ಯಾಸ ಬೇಕಿಲ್ಲ, ಬಿಡಿಸುವುದು ಬೇಕು. ಕೈ ಬಿಡಿಸುವ ಕ್ರಮ ಇದು: ಮೊದಲು ಮಣಿಕಟ್ಟನ್ನು ಅಂಗೈ ಕಡೆಗೆ ಬಗ್ಗಿಸಿ, ಬೆರಳುಗಳ ಬಿಗಿ ಅರ್ಧ ತಾನಾಗಿಯೇ ಸಡಿಲುತ್ತದೆ. ಹೆಬ್ಬೆರಳನ್ನು ಬುಡದ ದಪ್ಪ ಭಾಗದಲ್ಲಿ ಹಿಡಿದು ಹೊರಕ್ಕೆ ತನ್ನಿ, ತುದಿ ಹಿಡಿದು ಎಳೆಯಬೇಡಿ. ನಾಲ್ಕು ಬೆರಳನ್ನೂ ಒಟ್ಟಿಗೆ ನೀಳ ಮಾಡಿ, ಹಾಗೇ ಹಿಡಿದುಕೊಂಡು ಮಣಿಕಟ್ಟನ್ನು ಮೆಲ್ಲಗೆ ಮೇಲಕ್ಕೆತ್ತಿ ಒಂದು ನಿಮಿಷ ನಿಲ್ಲಿಸಿ. ಝಟ್ಟನೆ ಎಳೆದಷ್ಟೂ ಸ್ನಾಯು ತಿರುಗಿ ಬಿಗಿಯುತ್ತದೆ, ಈ ಬಿಗಿತದ ಗುಣವೇ ಅದು. ಆಮೇಲೆ ಮಂಚದ ಮೇಲೆ ಕೂರಿಸಿ, ತೆರೆದ ಅಂಗೈಯನ್ನು ತೊಡೆಯ ಪಕ್ಕ ಹಾಸಿಗೆ ಮೇಲೆ ಊರಿಸಿ, ಮೈಭಾರ ನಿಧಾನಕ್ಕೆ ಅತ್ತ ಬಿಡಿಸಿ.

ಹೀಗೆ ಸಡಿಲಾದ ಕೂಡಲೇ ಕೆಲಸ ಕೊಡಬೇಕು, ಇಲ್ಲದಿದ್ದರೆ ಮತ್ತೆ ಬಿಗಿಯುತ್ತದೆ. ಮೇಜಿನ ಮೇಲೆ ಮಡಚಿದ ಟವೆಲ್, ಅದರ ಮೇಲೆ ಎಡಗೈ. ಟವೆಲನ್ನು ಮುಂದಕ್ಕೆ 20–30 ಸೆಂ.ಮೀ. ತಳ್ಳಿ, ಎಡ ಅಂಚಿನ ಕೆಂಪು ಟೇಪು ಮುಟ್ಟಿಸಿ ವಾಪಸ್ ತರುವುದು. ಕಣ್ಣು ಕೈಯ ಹಿಂದೆಯೇ ಹೋಗಲಿ. ಎಡಗೈಯನ್ನು ಎಡಗಡೆಯ ಜಾಗದಲ್ಲೇ ಸ್ವಂತ ಬಲದಿಂದ ಸ್ವಲ್ಪ ಆಡಿಸಿದರೂ ಎಡಕ್ಕೆ ಗಮನ ಹರಿಯುವುದು ಸುಧಾರಿಸುತ್ತದೆ. ಹಾಗಾಗಿ ಈ ಒಂದು ಅಭ್ಯಾಸ ಎರಡೂ ಕಡೆ ಕೆಲಸ ಮಾಡುತ್ತದೆ, ನನ್ನ ಮಟ್ಟಿಗೆ ಮೊಬೈಲ್ ಆಟಕ್ಕಿಂತ ಎಷ್ಟೋ ಮೇಲು. ಮುಂದಿನ ಹಂತ ಖಾಲಿ ಪ್ಲಾಸ್ಟಿಕ್ ಲೋಟ. ಹಿಡಿಯುವುದಕ್ಕಿಂತ ಬಿಡುವುದೇ ಕಷ್ಟ, ಆದ್ದರಿಂದ ಇಡುವ ಜಾಗ ಮೊಣಕೈಗಿಂತ ತಗ್ಗಿನಲ್ಲಿರಲಿ. ಮಣಿಕಟ್ಟು ಕೆಳಕ್ಕೆ ಬಾಗಿದಾಗ ಬೆರಳು ಬಿಡುತ್ತವೆ. ಆಮೇಲೆ ಬಟ್ಟೆ ಕ್ಲಿಪ್ಪು, ಕಡಲೆಬೀಜ, ಅವರೆಕಾಳು.

ಎಷ್ಟು ಸಲ? ಇಲ್ಲೇ ಹೆಚ್ಚಿನವರ ಲೆಕ್ಕ ತಪ್ಪುವುದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಥೆರಪಿಗಳನ್ನು ಪಕ್ಕದಲ್ಲಿ ಕೂತು ಎಣಿಸಿದಾಗ, ಒಂದು ಸೆಷನ್ನಿನಲ್ಲಿ ಕೈಯಿಂದ ಮಾಡಿಸಿದ ಉಪಯುಕ್ತ ಚಲನೆಗಳು ಸರಾಸರಿ 32 ಮಾತ್ರ. ಪ್ರಾಣಿಗಳ ಪ್ರಯೋಗದಲ್ಲಿ ಮೆದುಳು ಬದಲಾಗುವುದಕ್ಕೆ ದಿನಕ್ಕೆ ನೂರಾರು ಸಲ ಬೇಕಾಗಿತ್ತು. ಫಿಸಿಯೊ ಕೊಡುವ ಮುಕ್ಕಾಲು ಗಂಟೆ ಸಾಲದು ಅನ್ನುವುದು ಅವರ ತಪ್ಪಲ್ಲ. 15–20 ನಿಮಿಷದ ಹಾಗೆ ದಿನಕ್ಕೆ ನಾಲ್ಕೈದು ಸಲ ಕೂರಿಸಿ. ಮೊದಲ ವಾರ ದಿನಕ್ಕೆ ಒಟ್ಟು 100 ಸಲ, ಮುಂದೆ 200–300. ಅರ್ಧಕ್ಕಿಂತ ಹೆಚ್ಚು ಸಲ ತಪ್ಪಿದರೆ ಕೆಲಸ ಸುಲಭ ಮಾಡಿ, ಎಲ್ಲವೂ ಸಲೀಸಾದರೆ ಕಷ್ಟ ಮಾಡಿ. ಕೈ ಚಾಚುವ ಬದಲು ಇಡೀ ಮೈ ಮುಂದೆ ಬಾಗುತ್ತಿದೆಯೇ, ಭುಜ ಕಿವಿಯ ಕಡೆ ಏರುತ್ತಿದೆಯೇ ನೋಡಿ. ಏರುತ್ತಿದ್ದರೆ ಗುರಿ ದೂರವಾಗಿದೆ ಎಂದರ್ಥ, ಹತ್ತಿರಕ್ಕೆ ತನ್ನಿ.

ಸುಸ್ತಾಗಿ ಕೈ ಆಡದ ಹೊತ್ತಿಗೆ ಕನ್ನಡಿ ಬಳಸಿ. ಸುಮಾರು 30×40 ಸೆಂ.ಮೀ. ಕನ್ನಡಿಯನ್ನು ಎದೆಯ ನೇರಕ್ಕೆ ನಡುವೆ ನಿಲ್ಲಿಸಿ, ಎಡಗೈ ಹಿಂದೆ ಮರೆಯಲ್ಲಿ, ಬಲಗೈ ಕನ್ನಡಿಯ ಮುಂದೆ. ಬಲಗೈ ಆಡಿಸುತ್ತಾ ಪ್ರತಿಬಿಂಬವನ್ನು ಎಡಗೈ ಎಂಬಂತೆ ನೋಡಬೇಕು, ಎಡಗೈಯನ್ನೂ ಆದಷ್ಟು ಆಡಿಸಲು ಪ್ರಯತ್ನಿಸಬೇಕು. ಬಲಗೈಯ ಉಂಗುರ, ವಾಚು ತೆಗೆಸಿ, ಇಲ್ಲದಿದ್ದರೆ ‘ಇದು ನನ್ನ ಎಡಗೈ’ ಅನ್ನುವ ಭ್ರಮೆ ಕೂರುವುದಿಲ್ಲ. 15 ನಿಮಿಷದಂತೆ ದಿನಕ್ಕೆ ಎರಡು ಸಲ ಸಾಕು. ಲೂಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು 48 ರೋಗಿಗಳಲ್ಲಿ ಮಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೆಗ್ಲೆಕ್ಟಿಗೂ ಇದು ಉಪಯೋಗಕ್ಕೆ ಬಂದಿತ್ತು.

ಒಳ್ಳೆ ಕೈಗೆ ಗವಸು ಹಾಕಿ ಬಲಹೀನ ಕೈಯಿಂದಲೇ ಮಾಡಿಸುವ ವಿಧಾನದ ಬಗ್ಗೆಯೂ ಕೇಳಿದ್ದೀರಿ. ಅದರ ದೊಡ್ಡ ಪರೀಕ್ಷೆ ಅಮೆರಿಕದಲ್ಲಿ 222 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾಯಿತು. ಗವಸು ಎಚ್ಚರವಿರುವ ಹೊತ್ತಿನ ಶೇ 90ರಷ್ಟು, ಎರಡು ವಾರ, ಜೊತೆಗೆ ದಿನಕ್ಕೆ ಗಂಟೆಗಟ್ಟಲೆ ತರಬೇತಿ. ಫಲ ಒಳ್ಳೆಯದೇ. ಆದರೆ ಅದಕ್ಕೆ ಮಣಿಕಟ್ಟನ್ನೂ ಬೆರಳನ್ನೂ ಸ್ವಂತವಾಗಿ ಸ್ವಲ್ಪವಾದರೂ ಮೇಲೆತ್ತಲು ಬರಬೇಕು. ನಿಮ್ಮ ತಂದೆಯವರಿಗೆ ಇನ್ನೂ ಬೇಡ. ಬ್ಯಾಲೆನ್ಸ್ ಇಲ್ಲದವರು ಗವಸು ಹಾಕಿಕೊಂಡು ನಡೆದರೆ ಬೀಳುವಾಗ ಹಿಡಿದುಕೊಳ್ಳಲು ಕೈಯೇ ಇರುವುದಿಲ್ಲ.

ಭುಜದ ವಿಷಯದಲ್ಲಿ ಮಾತ್ರ ಗದರಿಸಿಯೇ ಹೇಳುತ್ತೇನೆ. ಎಡಗೈ ಹಿಡಿದು ಅವರನ್ನು ಎಬ್ಬಿಸಬೇಡಿ, ಕಂಕುಳಿಗೆ ಕೈ ಕೊಟ್ಟು ಎತ್ತಬೇಡಿ, ತಲೆ ಮೇಲಿನ ರಾಟೆಗೆ ಹಗ್ಗ ಕಟ್ಟಿ ಎಳೆಸಬೇಡಿ. ಸ್ನಾಯುಬಲ ಇಲ್ಲದ ಭುಜದ ಕೀಲು ಸ್ವಲ್ಪ ಕೆಳಕ್ಕೆ ಜಾರಿರುತ್ತದೆ, ಎಳೆದರೆ ನೋವು ಶುರುವಾಗುತ್ತದೆ. ನೋವು ಬಂದ ಮೇಲೆ ಅವರು ಕೈ ಮುಟ್ಟಲೂ ಬಿಡುವುದಿಲ್ಲ, ಮೇಲೆ ಹೇಳಿದ್ದೆಲ್ಲ ಅಲ್ಲಿಗೆ ನಿಂತಿತು. ಎಬ್ಬಿಸಬೇಕಾದರೆ ಸೊಂಟದ ಬೆಲ್ಟು ಹಿಡಿಯಿರಿ. ಕೂತಾಗ ಮುಂಗೈ ಕೆಳಗೆ ದಿಂಬು ಕೊಡಿ. ಬಿಸಿನೀರಿನ ಚೀಲ, ಮರಳಿನ ಕಾವು ಬೇಡ, ಸ್ಪರ್ಶ ಕಡಿಮೆ ಇರುವ ಚರ್ಮ ಬೊಬ್ಬೆ ಬರುವವರೆಗೂ ಸುಡುವುದು ಗೊತ್ತಾಗುವುದಿಲ್ಲ.

‘ನಂಗೇನಾಗಿದೆ?’ ಅನ್ನುವುದು ಹಟವಲ್ಲ. ಬಲಭಾಗದ ಸ್ಟ್ರೋಕಿನಲ್ಲಿ ತನ್ನ ಕೊರತೆಯೇ ತನಗೆ ತಿಳಿಯದಿರುವುದು ಸಾಮಾನ್ಯ, ಇಂಥವರೇ ಒಬ್ಬರೇ ಎದ್ದು ಬೀಳುವವರು. ವಾದ ಮಾಡಬೇಡಿ. ಮೇಜಿನ ಮೇಲೆ ಹರಡಿ ಹತ್ತು ಸಾಮಾನು ಇಡಿ. ‘ಎಷ್ಟು ಹುಡುಕ್ತೀರಿ?’ ಅಂತ ಮೊದಲೇ ಕೇಳಿ ಬರೆದಿಡಿ, ಹತ್ತು ಅನ್ನುತ್ತಾರೆ. ಆರು ಸಿಕ್ಕ ಮೇಲೆ ಚೀಟಿ ತೋರಿಸಿ, ಉಳಿದ ನಾಲ್ಕು ಎಲ್ಲಿವೆ ಅಂತ ಅವರೇ ಹುಡುಕಲಿ. ಟಿ.ವಿ. ಆಫ್ ಇರಲಿ, ಬೆಳಿಗ್ಗೆಯ ಹೊತ್ತೇ ಒಳ್ಳೆಯದು, ಮಧ್ಯಾಹ್ನಕ್ಕೆ ಗಮನ ಸೋರಿಹೋಗುತ್ತದೆ.

ಮೊಬೈಲ್ ಆಟದಿಂದ ಆ ಆಟದ ಅಂಕ ಏರುತ್ತದೆ, ದಿನದ ಬದುಕಿಗೆ ಅಷ್ಟಾಗಿ ಇಳಿಯುವುದಿಲ್ಲ. ಕಾಫಿ ಮಾಡುವುದು, ಕರೆಂಟ್ ಬಿಲ್ ಓದಿ ಮೊತ್ತ ಹೇಳುವುದು, ಬಟ್ಟೆ ಮಡಚುವುದು ಅದಕ್ಕಿಂತ ಒಳ್ಳೆ ಪಾಠ. ಒಲೆ ಹತ್ತಿರ ನೀವು ಇರಿ. ಅಂದಹಾಗೆ ನೆನಪು, ಗಮನ ಅಳೆಯುವ ಮೊಕಾ (MoCA) ಪರೀಕ್ಷೆಯ ಕನ್ನಡ ರೂಪದಲ್ಲಿ 30 ಅಂಕಗಳ ಪೈಕಿ ಕಡಿಮೆ ಅಂಕ ಬಂತು ಅಂತ ಮರೆವಿನ ಕಾಯಿಲೆ ಅಂದುಕೊಳ್ಳಬೇಡಿ, ಗಡಿಯಾರ ಬರೆಯುವಂಥ ಪ್ರಶ್ನೆಗಳಲ್ಲಿ ನೆಗ್ಲೆಕ್ಟ್ ಒಂದರಿಂದಲೇ ಅಂಕ ಹೋಗುತ್ತದೆ.

ಶುರು ಮಾಡುವ ಮುನ್ನ ಬಿ.ಪಿ. ನೋಡಿ, 180/110 ದಾಟಿದ್ದರೆ ಅವತ್ತು ನಿಲ್ಲಿಸಿ ವೈದ್ಯರಿಗೆ ಹೇಳಿ. ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕದೆ ಅದೇ ದಿನ ತೋರಿಸಿ, ರಕ್ತ ಹೆಪ್ಪುಗಟ್ಟಿರಬಹುದು. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಹೊಸದಾಗಿ ಕಂಡರೆ 108.

ಬಿಗಿತ ಇಷ್ಟಾದರೂ ಏರುತ್ತಿದ್ದರೆ ಬಿಗಿದ ಸ್ನಾಯುವನ್ನು ಸಡಿಲಿಸುವ ಬೊಟುಲಿನಂ ಇಂಜೆಕ್ಷನ್ ಬೇಕೇ ಎಂದು ನ್ಯೂರಾಲಜಿಸ್ಟ್ ಅಥವಾ ಪುನಶ್ಚೇತನ ವಿಭಾಗದಲ್ಲಿ ಕೇಳಿ, ಬೆಂಗಳೂರಿಗೆ ಹತ್ತಿರವಿದ್ದರೆ ನಿಮ್ಹಾನ್ಸ್‌ನಲ್ಲಿ ಆ ವಿಭಾಗವಿದೆ. ಹೋಗುವಾಗ ಅವರು ಊಟ ಮಾಡುತ್ತಿರುವ, ಬಾಗಿಲು ದಾಟುತ್ತಿರುವ ಎರಡು ನಿಮಿಷದ ವಿಡಿಯೊ ಇರಲಿ. ಡಾಕ್ಟರ ಎದುರು ಹುಷಾರಾಗಿ ಕೂತು ಕೇಳಿದ ಕಡೆಗೆಲ್ಲ ನೋಡಿಬಿಡುತ್ತಾರೆ, ಮನೆಯಲ್ಲಿ ಆಗುವುದು ಅಲ್ಲಿ ಕಾಣುವುದೇ ಇಲ್ಲ.