ಹಳೇ ಚೈನ್‌ಸಾಗೆ ದೊಡ್ಡ ಬೋರ್ ಹಾಕಬಹುದಾ?

ಪ್ರಶ್ನೆ: ನನ್ನ ಹತ್ತಿರ ಹಳೇ ಸ್ಟಿಲ್ 029 ಚೈನ್‌ಸಾ ಇದೆ. ಹೋದ ತಿಂಗಳು ಮರ ಕುಯ್ಯುವಾಗ ಎಂಜಿನ್ ಹಿಡಿದುಕೊಂಡಿತು. ಸೈಲೆನ್ಸರ್ ಬಿಚ್ಚಿ ನೋಡಿದರೆ ಪಿಸ್ಟನ್ ಮೈಮೇಲೆ ಉದ್ದುದ್ದ ಗೀರುಗಳು. ‘ಹೇಗೂ ಬಿಚ್ಚಬೇಕು, ಅದೇ ಕಂಪನಿಯ 039ರ ಸಿಲಿಂಡರ್, ಪಿಸ್ಟನ್ ಹಾಕಿಬಿಡು, ಪವರ್ ಜಾಸ್ತಿ ಸಿಗುತ್ತೆ’ ಅಂತ ಗೆಳೆಯ ಹೇಳುತ್ತಾನೆ. ಅದು ಕೂರುತ್ತದೆಯೇ? ಕೂತರೂ ಬಾಳಿಕೆ ಬರುತ್ತದೆಯೇ?

ಉತ್ತರ: ಕೂರುತ್ತದೆ. ಎರಡಕ್ಕೂ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಒಂದೇ, 34 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ) ಮಾತ್ರ ಬೇರೆ: 029ಕ್ಕೆ 46, 039ಕ್ಕೆ 49 ಮಿ.ಮೀ. ಮೂರೇ ಮಿಲಿಮೀಟರ್ ತಾನೇ ಅನ್ನಿಸಬಹುದು. ಆದರೆ 56.5 ಸಿಸಿ ಇದ್ದದ್ದು 64.1 ಸಿಸಿ ಆಗುತ್ತದೆ, ಅಂದರೆ ಸುಮಾರು ಶೇ 13 ಜಾಸ್ತಿ. ದಪ್ಪ ದಿಮ್ಮಿಗೆ ಕೊಟ್ಟಾಗ ಈ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಬಾಳಿಕೆಯ ಮಾತು ಬೇರೆ. ಸಿಲಿಂಡರ್-ಪಿಸ್ಟನ್ ಕಿಟ್ ತರುವ ಮುಂಚೆ ಹಳೇ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿ. ಎಂಜಿನ್ ಯಾಕೆ ಹಿಡಿಯಿತು ಅಂತ ಬಹಳಷ್ಟು ಸಲ ಅದೇ ಹೇಳುತ್ತದೆ. ಸುತ್ತಲೂ ಗೀರು ಬಿದ್ದಿದ್ದರೆ ಪೆಟ್ರೋಲಿಗೆ ಆಯಿಲ್ ಬೆರೆಸುವುದು ಮರೆತಿರಬಹುದು, ಇಲ್ಲವೇ ತೀರಾ ಕಡಿಮೆ ಹಾಕಿರಬಹುದು. ಕಾರ್ಬ್ಯುರೇಟರ್ ಕಡೆ ಮಾತ್ರ ಸವೆದು ಮಂಕಾಗಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಹೋಗಿದೆ. ಸೈಲೆನ್ಸರ್ ಕಡೆ ಮಾತ್ರ ಗೀರಿದ್ದರೆ ಪೆಟ್ರೋಲ್ ಸಾಲದೆ, ಗಾಳಿ ಜಾಸ್ತಿಯಾಗಿ ಎಂಜಿನ್ ಕಾದಿದೆ ಅಂತ ಲೆಕ್ಕ. ಹಳೇ ಯಂತ್ರಗಳಲ್ಲಿ ನಾನು ಹೆಚ್ಚಾಗಿ ನೋಡಿರುವುದು ಈ ಕೊನೆಯದನ್ನೇ. ಕ್ರ್ಯಾಂಕಿನ (ಪಿಸ್ಟನ್ ಓಟಕ್ಕೆ ತಿರುಗುವ ದಂಡದ) ಆಯಿಲ್ ಸೀಲ್ ಗಟ್ಟಿಯಾಗಿರುತ್ತದೆ, ಇಲ್ಲವೇ ಕಾರ್ಬ್ಯುರೇಟರ್ ಹಿಂದಿನ ರಬ್ಬರ್ ಸೀಳಿರುತ್ತದೆ. ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗುತ್ತದೆ. ಅದನ್ನು ಹಾಗೇ ಬಿಟ್ಟು 49 ಹಾಕಿದರೆ ಹೊಸ ಪಿಸ್ಟನ್ನಿಗೂ ಅದೇ ಗತಿ.

ನಿಮ್ಮ ಮಾಡೆಲ್‌ನಲ್ಲಿ ಸಿಲಿಂಡರ್ ಬಿಚ್ಚಬೇಕಾದರೆ ಇಡೀ ಎಂಜಿನ್ ಹೊರಗೆ ತೆಗೆಯಬೇಕು. ಸಿಲಿಂಡರ್ ಮತ್ತು ಕೆಳಗಿನ ತಟ್ಟೆ ಸೇರಿಯೇ ಕ್ರ್ಯಾಂಕನ್ನು ಹಿಡಿದುಕೊಂಡಿರುತ್ತವೆ. ಹಾಗಾಗಿ ಸೀಲ್‌ಗಳು ತಾವಾಗಿಯೇ ಕೈಗೆ ಬರುತ್ತವೆ. ಹಳೇದನ್ನೇ ಮತ್ತೆ ಕೂರಿಸಬೇಡಿ. ಬೇರಿಂಗ್ ಬೆರಳಲ್ಲಿ ತಿರುಗಿಸಿ ನೋಡಿ, ಕರಕರ ಅಂದರೆ ಅದನ್ನೂ ಬದಲಾಯಿಸಿ. ಆ ಎರಡು ಭಾಗಗಳ ನಡುವೆ ಗ್ಯಾಸ್ಕೆಟ್ ಇರುವುದಿಲ್ಲ, ಸೀಲಂಟ್ ಹಚ್ಚಬೇಕು. ಹಳೇ ಸೀಲಂಟ್ ಚೂರೂ ಉಳಿಯದ ಹಾಗೆ ಒರೆಸಿ, ತೆಳ್ಳಗೆ ಹಚ್ಚಿ.

ಹೊಸ ಸಿಲಿಂಡರ್ ಬಂತು ಅಂತ ನೇರ ಜೋಡಿಸಬೇಡಿ. ಪೋರ್ಟ್‌ಗಳ (ಗೋಡೆಯಲ್ಲಿ ಗಾಳಿ, ಹೊಗೆ ಓಡಾಡುವ ಕಿಂಡಿಗಳ) ಅಂಚಿನ ಮೇಲೆ ಬೆರಳಾಡಿಸಿ. ಬೆರಳಿಗೆ ಚುಚ್ಚಿದರೆ ಪಿಸ್ಟನ್ ರಿಂಗಿಗೂ ಚುಚ್ಚುತ್ತದೆ. ಅಂಚನ್ನು ಮಾತ್ರ ನುಣ್ಣನೆ ಎಮರಿ ಕಾಗದದಿಂದ ಸವರಿ, ಗೋಡೆಯ ಲೇಪನ ಮುಟ್ಟಬೇಡಿ. ರಿಂಗನ್ನು ಸಿಲಿಂಡರ್ ಒಳಗೆ ನೇರವಾಗಿ ತಳ್ಳಿ, ಬಾಯಿಯ ಸಂದನ್ನು ಫೀಲರ್ ಗೇಜ್‌ನಿಂದ ಅಳೆಯಿರಿ. 49 ಬೋರಿಗೆ 0.2 ಮಿ.ಮೀ. ಆಸುಪಾಸು ಇರಲಿ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗಜನ್ ಪಿನ್ನಿನ ದಪ್ಪ ಹಳೇ ಪಿನ್ನಿನಷ್ಟೇ ಇದೆಯಾ ಅಂತಲೂ ನೋಡಿ. ಪಿಸ್ಟನ್ ತಲೆಯ ಮೇಲಿನ ಬಾಣ ಸೈಲೆನ್ಸರ್ ಕಡೆಗೆ ಇರಬೇಕು. ಆ ಪಿನ್ ಜಾರದಂತೆ ಹಿಡಿಯುವ ಸರ್‌ಕ್ಲಿಪ್ ಹಾಕುವಾಗ ಕೆಳಗೆ ಬಟ್ಟೆ ತುರುಕಿ. ಒಂದು ಸಲ ನಾನು ಹಾಗೆ ಮಾಡದೆ, ಚಿಮ್ಮಿ ಕ್ರ್ಯಾಂಕ್ ಒಳಗೆ ಬಿದ್ದ ಕ್ಲಿಪ್ಪಿಗಾಗಿ ಒಂದು ಸಂಜೆ ಪೂರ್ತಿ ಒದ್ದಾಡಿದ್ದೇನೆ.

ಇನ್ನೊಂದು ಅಳತೆ ಬಹಳ ಜನ ಬಿಟ್ಟುಬಿಡುತ್ತಾರೆ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದಕ್ಕೂ ಹೆಡ್ಡಿಗೂ ಎಷ್ಟು ಸಂದು ಉಳಿಯುತ್ತದೆ ಅನ್ನುವುದು. ಪ್ಲಗ್ ತೂತಿನಿಂದ ಬೆಸುಗೆ ಹಾಕುವ ಮೆತ್ತನೆ ತಂತಿಯನ್ನು ಗೋಡೆ ಮುಟ್ಟುವವರೆಗೆ ತೂರಿಸಿ. ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಅಳೆಯಿರಿ. 0.5 ಮಿ.ಮೀ.ಗಿಂತ ಕಡಿಮೆ ಬಂದರೆ ನಾನು ಸ್ಟಾರ್ಟ್ ಮಾಡುವುದಿಲ್ಲ. 1 ಮಿ.ಮೀ. ದಾಟಿದರೆ ಅಪಾಯವೇನಿಲ್ಲ, ಆದರೆ ಕಂಪ್ರೆಷನ್ ಕಮ್ಮಿ. ಸಿಸಿ ಹೆಚ್ಚಿದ್ದೂ ಪವರ್ ಬರಲಿಲ್ಲ ಅಂತ ಆಮೇಲೆ ಗೊಣಗುವ ಹಾಗಾಗುತ್ತದೆ. ಅಗ್ಗದ ಕಿಟ್‌ಗಳಲ್ಲಿ ಇದು ಮಾಮೂಲು.

ಜೋಡಿಸಿದ ಮೇಲೆ ಕಾರ್ಬ್ಯುರೇಟರ್ ಕಡೆಯ, ಸೈಲೆನ್ಸರ್ ಕಡೆಯ ಎರಡೂ ಪೋರ್ಟ್ ಮುಚ್ಚಿ, ಪಂಪಿನಿಂದ ಸುಮಾರು 0.5 ಬಾರ್ ಗಾಳಿ ತುಂಬಿ. ಗೇಜಿನ ಮುಳ್ಳು ಅಲ್ಲಾಡದೆ ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ನಿರ್ವಾತದಲ್ಲೂ ಒಮ್ಮೆ ಪರೀಕ್ಷಿಸಿ. ಕೆಲವು ಸೀಲ್‌ಗಳು ಗಾಳಿ ಹೊರಗೆ ಬಿಡದಿದ್ದರೂ ಒಳಗೆ ಎಳೆದುಕೊಳ್ಳುತ್ತವೆ.

ಇನ್ನು ಕಾರ್ಬ್ಯುರೇಟರ್. ದೊಡ್ಡ ಸಿಲಿಂಡರ್ ಜಾಸ್ತಿ ಪೆಟ್ರೋಲ್ ಕೇಳುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ಹೊಂದಿಸುವ ‘ಎಚ್’ ಸ್ಕ್ರೂ ಹಳೇ ಜಾಗದಲ್ಲೇ ಇದ್ದರೆ ಎಂಜಿನ್ ಪೆಟ್ರೋಲ್ ಸಾಲದೆ ಒಣಗಿ ಓಡುತ್ತದೆ, ಮತ್ತೆ ಹಿಡಿದುಕೊಳ್ಳುತ್ತದೆ. ಮೊದಲು ಸ್ವಲ್ಪ ಜಾಸ್ತಿಯೇ ಬಿಚ್ಚಿಡಿ. ಮರಕ್ಕೆ ತಾಗಿಸದೆ ಪೂರ್ತಿ ಥ್ರಾಟಲ್ ಕೊಟ್ಟಾಗ ಶಬ್ದ ಒಡೆದೊಡೆದು ಬರಬೇಕು, ಮರಕ್ಕೆ ಇಟ್ಟ ಕೂಡಲೇ ಶುದ್ಧವಾಗಬೇಕು. ಬರೀ ಗಾಳಿಯಲ್ಲಿ ಚೂಪಾಗಿ ಕಿರುಚಿದರೆ ತಕ್ಷಣ ಥ್ರಾಟಲ್ ಬಿಡಿ. ಎಂಜಿನ್ ವೇಗ ತೋರಿಸುವ ಟ್ಯಾಕೋಮೀಟರ್ ಇದ್ದರೆ ಕಿವಿಯನ್ನೇ ನಂಬಿಕೊಂಡು ಕೂರಬೇಕಾಗಿಲ್ಲ. ಸ್ಕ್ರೂಗೆ ಮಿತಿಯ ಟೋಪಿ ಇದ್ದು ಬೇಕಾದಷ್ಟು ಬಿಚ್ಚಲು ಆಗದಿದ್ದರೆ, ಅದನ್ನು ಬಗೆಹರಿಸಿಕೊಳ್ಳುವವರೆಗೆ ಕೆಲಸಕ್ಕೆ ಇಳಿಸಬೇಡಿ. ಮೊದಲ ಕೆಲವು ಟ್ಯಾಂಕ್ ಸಣ್ಣ ಮರಗಳನ್ನೇ ಕುಯ್ಯಿರಿ. ಲೀಟರಿಗೆ 20 ಮಿ.ಲೀ. ಒಳ್ಳೆಯ ಟೂ ಸ್ಟ್ರೋಕ್ ಆಯಿಲ್, ಅಂದರೆ 50:1, ಅದಕ್ಕಿಂತ ಕಡಿಮೆ ಬೇಡ.

ಹಳೇ ಸಿಲಿಂಡರನ್ನು ಬಿಸಾಡಬೇಡಿ. ಗೋಡೆಗೆ ಅಂಟಿರುವುದು ಪಿಸ್ಟನ್ನಿನ ಅಲ್ಯೂಮಿನಿಯಂ ಮಾತ್ರ ಆಗಿದ್ದು, ಅದನ್ನು ತೆಗೆದ ಮೇಲೆ ಉಗುರಿಗೆ ಏನೂ ತಡೆಯದಿದ್ದರೆ, ಹೊಸ 46 ಪಿಸ್ಟನ್ ಒಂದೇ ಸಾಕಾಗಬಹುದು. ಸೌದೆ ಕುಯ್ಯುವಷ್ಟೇ ಕೆಲಸವಿದ್ದರೆ ನಾನಾದರೆ ಅದನ್ನೇ ಮಾಡುತ್ತೇನೆ.