ಚೀನಾದಲ್ಲಿ ಉಳಿಸಿದ ಹಣವನ್ನು ಭಾರತಕ್ಕೆ ತರಲು ಕಡಿಮೆ ಖರ್ಚಿನ ದಾರಿ ಯಾವುದು?

ಮೊದಲು ಒಂದು ಮಾತು ಕೇಳುತ್ತೇನೆ. ನಿಮ್ಮ ಸಂಬಳ ಪೂರ್ತಿಯಾಗಿ ಬ್ಯಾಂಕ್ ಖಾತೆಗೆ ಬರುತ್ತಿತ್ತೇ, ಇಲ್ಲವೇ ಒಂದು ಪಾಲು ಮೊಬೈಲಿನಲ್ಲಿ ಹಣ ಕೊಡಲು ಪಡೆಯಲು ಚೀನಾದಲ್ಲಿ ಬಳಸುವ ವೀಚಾಟ್ ಆ್ಯಪ್‌ಗೆ ಬರುತ್ತಿತ್ತೇ? ಗುವಾಂಗ್‌ಝೌನಲ್ಲಿ ನಾಲ್ಕು ವರ್ಷ ಯೋಗ ಕಲಿಸಿದ್ದೇನೆ, ಜೂನ್‌ನಲ್ಲಿ ಒಪ್ಪಂದ ಮುಗಿಯುತ್ತದೆ, ಬ್ಯಾಂಕು, ನಗದು, ಸಗಟು ಮಾರುಕಟ್ಟೆಯ ಊರಾದ ಯಿವುವಿನ ಪರಿಚಯದ ವ್ಯಾಪಾರಿ ಈ ಮೂರರಲ್ಲಿ ಯಾವುದರಲ್ಲಿ ಕಮಿಷನ್ ಕಡಿಮೆ ಎಂದು ಬರೆದಿದ್ದೀರಿ. ಹಾಂಗ್‌ಝೌ ಬಿಡುವ ಮುಂಚೆ ನಾನೂ ಇದೇ ಮೂರರ ದರ ಹೋಲಿಸುತ್ತ ಕುಳಿತಿದ್ದೆ. ಕಮಿಷನ್ನಿನ ವ್ಯತ್ಯಾಸ ಬಂದರೆ ನೂರಕ್ಕೆ ಒಂದೋ ಎರಡೋ. ನನ್ನ ಉಳಿತಾಯದ ಮೂರನೇ ಒಂದು ಭಾಗ ಸಿಕ್ಕಿಬಿದ್ದದ್ದು ಬೇರೆ ಕಾರಣಕ್ಕೆ.

ಮೈಸೂರಿನಿಂದ ಯೋಗ ಕಲಿಸಲು ಚೀನಾಕ್ಕೆ ಹೋದ ಅನೇಕರಲ್ಲಿ ನಾನೂ ಒಬ್ಬ. ಹೋದದ್ದು 2019ರ ಆರಂಭದಲ್ಲಿ. ಸ್ಟುಡಿಯೊದ ಮಾಲಕಿ ಮಾತಿಗೆ ತಪ್ಪುವವರಲ್ಲ. ತಿಂಗಳಿಗೆ 20,000 ಯುವಾನ್ ಎಂದು ಒಪ್ಪಿಕೊಂಡರು, ಕೊನೆಯವರೆಗೂ ಕೊಟ್ಟರು. ಆದರೆ ಒಪ್ಪಂದದಲ್ಲಿ 8,000 ಎಂದು ಬರೆಯೋಣ, ಉಳಿದ 12,000ವನ್ನು ತರಗತಿಗಳ ಲೆಕ್ಕದಲ್ಲಿ ವೀಚಾಟ್‌ಗೆ ಹಾಕುತ್ತೇನೆ, ನಿಮಗೆ ತೆರಿಗೆ ಉಳಿಯುತ್ತದೆ, ನಮಗೆ ಸಾಮಾಜಿಕ ವಿಮೆಯ ಹೊರೆ ಇಳಿಯುತ್ತದೆ ಎಂದರು. ಅಲ್ಲಿದ್ದ ಬೇರೆ ಶಿಕ್ಷಕರೂ ಹಾಗೆಯೇ ಮಾಡಿಕೊಂಡಿದ್ದರು. ನಾನು ಸಹಿ ಹಾಕಿದೆ.

ಈ ಒಂದು ಸಹಿಯ ಬೆಲೆ ಏನೆಂದು ಸ್ವಲ್ಪ ಉದ್ದಕ್ಕೇ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ಚೀನಾದ ಆದಾಯ ತೆರಿಗೆಯಲ್ಲಿ ವರ್ಷಕ್ಕೆ 60,000 ಯುವಾನ್ ಕಳೆದು, ಅದರ ಮೇಲಿನ ಮೊದಲ 36,000ಕ್ಕೆ ಶೇ. 3, ಅಲ್ಲಿಂದ 1,44,000ದವರೆಗೆ ಶೇ. 10, ಆಮೇಲೆ 3,00,000ದವರೆಗೆ ಶೇ. 20 ತೆರಿಗೆ. ತಿಂಗಳಿಗೆ 8,000 ಎಂದರೆ ವರ್ಷಕ್ಕೆ 96,000. ಕಳೆಯುವುದನ್ನು ಕಳೆದರೆ ತೆರಿಗೆ ಬೀಳುವುದು 36,000ಕ್ಕೆ, ಕಟ್ಟಬೇಕಾದದ್ದು ಬರೀ 1,080 ಯುವಾನ್. ಪೂರ್ತಿ 20,000 ತೋರಿಸಿದ್ದರೆ ವರ್ಷದ ಆದಾಯ 2,40,000, ತೆರಿಗೆ 19,080. ವಿಮೆಯ ಕಡಿತವನ್ನು ಬದಿಗಿಟ್ಟು ನೋಡಿದರೆ ವರ್ಷಕ್ಕೆ 18,000 ಯುವಾನ್ ಉಳಿತಾಯ. ಯಾರಿಗಾದರೂ ಆಸೆ ಹುಟ್ಟಿಸುವ ಮೊತ್ತ.

ಆಗ ನನಗೆ ಯಾರೂ ಹೇಳದ ಮಾತು ಇನ್ನೊಂದಿತ್ತು. ಯುವಾನ್ ಕೊಟ್ಟು ಡಾಲರ್ ಕೊಳ್ಳಲು ಚೀನಾದ ಪ್ರಜೆಗೆ ವರ್ಷಕ್ಕೆ 50,000 ಡಾಲರ್‌ಗಳ ಮಿತಿಯಿದೆ. ಅಷ್ಟರೊಳಗೆ ಗುರುತಿನ ಚೀಟಿ ಇದ್ದರೆ ಸಾಕು. ವಿದೇಶಿಯರಿಗೆ ಆ ಸೌಲಭ್ಯ ಇಲ್ಲ. ದಾಖಲೆಯಿಲ್ಲದೆ ಪಾಸ್‌ಪೋರ್ಟ್ ಮಾತ್ರ ತೋರಿಸಿ ಬದಲಾಯಿಸಬಹುದಾದದ್ದು ದಿನಕ್ಕೆ 500 ಡಾಲರ್. ಅದಕ್ಕಿಂತ ಹೆಚ್ಚು ಬೇಕಾದರೆ, ಚೀನಾದಲ್ಲಿ ಕಾನೂನುಬದ್ಧವಾಗಿ ದುಡಿದು ತೆರಿಗೆ ಕಟ್ಟಿದ ಆದಾಯ ಇದು ಎಂದು ತೋರಿಸಬೇಕು. ಖಾತೆಯಲ್ಲಿ ಎಷ್ಟಿದೆ ಎಂದು ಬ್ಯಾಂಕ್ ಕೇಳುವುದಿಲ್ಲ. ತೆರಿಗೆ ದಾಖಲೆಯಲ್ಲಿ ಎಷ್ಟು ಆದಾಯವಿದೆ, ಅದರಲ್ಲಿ ತೆರಿಗೆ ಕಳೆದು ಎಷ್ಟು ಉಳಿಯುತ್ತದೆ, ಈಗಾಗಲೇ ಎಷ್ಟು ಕಳುಹಿಸಿದ್ದೀರಿ ಎಂದಷ್ಟೇ ನೋಡುತ್ತದೆ.

ನನ್ನ ದಾಖಲೆಯ ಪ್ರಕಾರ ವರ್ಷಕ್ಕೆ ಹೊರಗೆ ಕಳುಹಿಸಬಹುದಾದದ್ದು 94,920 ಯುವಾನ್. ಬಾಡಿಗೆ, ಊಟ, ಓಡಾಟ ಸೇರಿ ತಿಂಗಳಿಗೆ 8,000 ಖರ್ಚಾದರೆ ವರ್ಷದ ಉಳಿತಾಯ 1,42,920. ಎರಡರ ನಡುವಿನ ವ್ಯತ್ಯಾಸ 48,000. ವರ್ಷಕ್ಕೆ 18,000 ತೆರಿಗೆ ಉಳಿಸಲು ಹೋಗಿ ಅದೇ ವರ್ಷ 48,000ವನ್ನು ಗಡಿ ದಾಟದ ಹಣವಾಗಿ ಮಾಡಿಕೊಂಡಿದ್ದೆ. ಖರ್ಚಿಗೆಲ್ಲ ವೀಚಾಟ್ ಹಣವನ್ನೇ ಬಳಸಿ ಸಂಬಳದ ಖಾತೆಯನ್ನು ಮುಟ್ಟದೆ ಉಳಿಸಿದ್ದರಿಂದ ಅಷ್ಟಕ್ಕೇ ನಿಂತಿತು. ಕೆಲವರು ಇದಕ್ಕೆ ತಿರುವುಮುರುವು ಮಾಡಿ, ಸಂಬಳವನ್ನು ಖರ್ಚು ಮಾಡಿ ವೀಚಾಟ್ ಹಣವನ್ನು ಕೂಡಿಡುತ್ತಾರೆ. ನೀವು ಹಾಗೆ ಮಾಡುತ್ತಿದ್ದರೆ ಇವತ್ತೇ ನಿಲ್ಲಿಸಿ.

ಇದು ತಿಳಿದದ್ದು ಹೊರಡುವ ವರ್ಷ, ಬ್ಯಾಂಕಿನಲ್ಲಿ. ಕೌಂಟರಿನಲ್ಲಿದ್ದ ಹುಡುಗಿ ನನ್ನ ಕಾಗದಗಳನ್ನು ಒಂದೊಂದಾಗಿ ಹರಡಿಕೊಂಡಳು: ಪಾಸ್‌ಪೋರ್ಟ್, ವಾಸದ ಪರವಾನಗಿ, ವರ್ಕ್ ಪರ್ಮಿಟ್, ಒಪ್ಪಂದ, ಸ್ಟುಡಿಯೊ ಕೊಟ್ಟ ಆದಾಯ ಪತ್ರ, ತೆರಿಗೆ ಇಲಾಖೆಯ ಆ್ಯಪ್‌ನಿಂದ ಇಳಿಸಿಕೊಂಡ ತೆರಿಗೆ ದಾಖಲೆ. ಆದಾಯ ಪತ್ರದ ಕೆಂಪು ದುಂಡು ಮೊಹರು ದಿನಾಂಕದ ಮೇಲೆಯೇ ಬಿದ್ದಿದೆಯೇ ಎಂದು ಬಗ್ಗಿ ನೋಡಿದಳು. ಆಮೇಲೆ ಹೆಸರಿಗೆ ಬಂದಳು. ನಮ್ಮ ಕಡೆಯ ಬಹಳ ಜನರಂತೆ ನನ್ನ ಪಾಸ್‌ಪೋರ್ಟಿನಲ್ಲಿಯೂ ಮನೆತನದ ಹೆಸರಿನ ಜಾಗ ಖಾಲಿ. ಊರು, ತಂದೆಯ ಹೆಸರು, ನನ್ನ ಹೆಸರು ಮೂರೂ ಒಂದೇ ಸಾಲಿನಲ್ಲಿವೆ. ಬ್ಯಾಂಕಿನವರು ಇದ್ದದ್ದನ್ನು ಇದ್ದ ಹಾಗೆ ನಮೂದಿಸಿದ್ದರು. ಸ್ಟುಡಿಯೊದ ಲೆಕ್ಕದವರು ಕೊನೆಯ ಪದವನ್ನು ಮುಂದಕ್ಕೆ ತಂದು ತೆರಿಗೆ ಇಲಾಖೆಗೆ ಕೊಟ್ಟಿದ್ದರು. ಕಂಪ್ಯೂಟರಿನ ಪಾಲಿಗೆ ಇವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳು. ಪಾಸ್‌ಪೋರ್ಟ್ ಹಿಡಿದು ತೆರಿಗೆ ಕಚೇರಿಗೆ ಹೋಗಿ ಅದನ್ನು ಸರಿಪಡಿಸಿಕೊಂಡು ಮತ್ತೆ ಅದೇ ಕೌಂಟರಿಗೆ ಬಂದೆ. ಪೆನ್ನಿನ ತುದಿಯಿಂದ ತಿಂಗಳು ತಿಂಗಳಿನ ಸಾಲುಗಳನ್ನು ಗುರುತಿಸುತ್ತ ಕೂಡಿಸಿದ ಅವಳು ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿದಳು. ನನ್ನ ಖಾತೆಯಲ್ಲಿದ್ದದ್ದಕ್ಕೂ ಅದರಲ್ಲಿದ್ದ ಅಂಕಿಗೂ ಬಹಳ ಅಂತರವಿತ್ತು.

ಮೊದಲ ಸ್ಟುಡಿಯೊ ಕೋವಿಡ್ ಹೊಡೆತ ತಾಳಲಾರದೆ 2022ರಲ್ಲಿ ಮುಚ್ಚಿತ್ತು. ನಿಜವಾದ ಸಂಬಳ ಇಷ್ಟಿತ್ತು ಎಂದು ಬರೆದು ಮೊಹರು ಹಾಕಲು ಅಲ್ಲಿ ಸಂಸ್ಥೆಯೇ ಉಳಿದಿರಲಿಲ್ಲ. ಆಮೇಲೆ ಸೇರಿದ ಎರಡನೆಯ ಸ್ಟುಡಿಯೊದ್ದು ಮಾತ್ರ ಸರಿಹೋಯಿತು. ಚೀನಾದಲ್ಲಿ ಹಿಂದಿನ ವರ್ಷದ ಆದಾಯದ ಅಂತಿಮ ಲೆಕ್ಕವನ್ನು ಮಾರ್ಚ್ 1ರಿಂದ ಜೂನ್ 30ರೊಳಗೆ ಒಪ್ಪಿಸಬೇಕು. ಆ ಅವಧಿಯಲ್ಲಿ ಮಾಲೀಕರನ್ನು ಒಪ್ಪಿಸಿ ಬಿಟ್ಟುಹೋದ ಆದಾಯವನ್ನು ಸೇರ್ಪಡೆ ಮಾಡಿಸಿದೆ, ಬಾಕಿ ತೆರಿಗೆ ಕಟ್ಟಿದೆ. ತಡವಾದ ತೆರಿಗೆಗೆ ದಿನಕ್ಕೆ ಹತ್ತು ಸಾವಿರಕ್ಕೆ ಐದರಂತೆ ದಂಡ ಬೀಳುತ್ತದೆ. ಕಟ್ಟುವಾಗ ನೋವಾಗಲಿಲ್ಲ ಎಂದು ಹೇಳಲಾರೆ, ಆದರೆ ದಾಖಲೆಯಲ್ಲಿ ಮೊತ್ತ ಏರಿದ ಕೂಡಲೇ ಅದೇ ಬ್ಯಾಂಕು ಒಂದು ಮಾತೂ ಆಡದೆ ಡಾಲರ್ ಕೊಟ್ಟಿತು.

ಹಳೆಯ ವರ್ಷಗಳ ಹಣದಲ್ಲಿ ಒಂದಿಷ್ಟನ್ನು ಹಾಂಗ್‌ಕಾಂಗಿನ ಎಟಿಎಂಗಳಲ್ಲಿ ಯೂನಿಯನ್‌ಪೇ ಕಾರ್ಡಿನಿಂದ ತೆಗೆದೆ. ಚೀನಾದ ಬ್ಯಾಂಕ್ ಕಾರ್ಡಿನಿಂದ ಹೊರಗೆ ನಗದು ತೆಗೆಯಲು ದಿನಕ್ಕೆ ಒಂದು ಕಾರ್ಡಿಗೆ 10,000 ಯುವಾನ್, ಒಬ್ಬರ ಹೆಸರಿನ ಎಲ್ಲ ಕಾರ್ಡುಗಳೂ ಸೇರಿ ವರ್ಷಕ್ಕೆ 1,00,000 ಯುವಾನ್ ಮಿತಿ. ವರ್ಷ ಎಂದರೆ ಜನವರಿಯಿಂದ ಡಿಸೆಂಬರ್. ಭಾರತೀಯರು ಹಾಂಗ್‌ಕಾಂಗಿಗೆ ಹೋಗುವ ಮುಂಚೆ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಕೊಳ್ಳಬೇಕು, ಮರೆಯಬೇಡಿ. ಹೋಟೆಲಿನ ಖರ್ಚು, ಎಟಿಎಂ ಶುಲ್ಕ, ಅಷ್ಟು ನಗದನ್ನು ಜೊತೆಯಲ್ಲಿಟ್ಟುಕೊಂಡು ಓಡಾಡುವ ಆತಂಕ ಎಲ್ಲ ಸೇರಿದರೆ ಇದನ್ನು ದಾರಿ ಎಂದು ಯಾರಿಗೂ ಹೇಳಿಕೊಡುವುದಿಲ್ಲ. ಮಿಕ್ಕದ್ದು ಇಂದಿಗೂ ಅಲ್ಲಿಯೇ ಇದೆ. ಊರಿಗೆ ಬಂದ ಮೇಲೆ ಪಾಸ್‌ಪೋರ್ಟ್ ನವೀಕರಿಸಿದೆ, ಸಂಖ್ಯೆ ಬದಲಾಯಿತು. ಹಳೆಯದನ್ನೂ ಹೊಸದನ್ನೂ ಹಿಡಿದು ಖುದ್ದಾಗಿ ಶಾಖೆಗೆ ಬರಬೇಕು ಎನ್ನುತ್ತಾರೆ.

ಈಗ ನಿಮ್ಮ ಯಿವು ವ್ಯಾಪಾರಿಯ ವಿಷಯ. ಅವರ ಸರಕಿನ ಬಾಬ್ತು ನೀವು ಯುವಾನ್ ಕೊಡುವುದು, ಅವರು ನಿಮ್ಮ ತಂದೆಯವರ ಖಾತೆಗೆ ರೂಪಾಯಿ ಹಾಕಿಸುವುದು, ದರವೂ ಬ್ಯಾಂಕಿಗಿಂತ ಚೆನ್ನಾಗಿದೆ ಎಂದಿದ್ದೀರಿ. ಇದು ಹವಾಲಾ. ಒಳ್ಳೆಯವರು, ಕನ್ನಡದವರು, ಹತ್ತು ವರ್ಷದ ಪರಿಚಯ ಎಂಬುದರಿಂದ ಅದು ಬೇರೆಯಾಗುವುದಿಲ್ಲ. ಅಧಿಕೃತ ಸಂಸ್ಥೆಯ ಮೂಲಕವಲ್ಲದೆ ಹೊರದೇಶದಲ್ಲಿರುವವರ ಪರವಾಗಿ ಭಾರತದಲ್ಲಿ ಹಣ ಪಡೆಯುವುದು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಉಲ್ಲಂಘನೆ, ದಂಡ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ಅದಕ್ಕಿಂತ ಹತ್ತಿರದ ಅಪಾಯ ಇನ್ನೊಂದಿದೆ. ನಿಮ್ಮ ತಂದೆಯವರ ಖಾತೆಗೆ ಬರುವ ರೂಪಾಯಿ ಆ ವ್ಯಾಪಾರಿಯ ಖಾತೆಯಿಂದ ಬರುವುದಿಲ್ಲ, ಯಾವುದೋ ಊರಿನ ಯಾವುದೋ ಅಪರಿಚಿತರ ಖಾತೆಯಿಂದ ಬರುತ್ತದೆ. ಅದು ಸೈಬರ್ ವಂಚನೆಯ ಹಣವಾಗಿದ್ದು, ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ, ಹಣ ಹರಿದುಹೋದ ಖಾತೆಗಳೆಲ್ಲ ಒಂದರ ಹಿಂದೆ ಒಂದು ತಡೆಗೆ ಒಳಗಾಗುತ್ತವೆ. ಪಿಂಚಣಿ ಬರುವ ಖಾತೆ ಸ್ತಂಭಿಸಿ, ವಯಸ್ಸಾದವರು ಬೇರೆ ರಾಜ್ಯದ ಪೊಲೀಸ್ ಠಾಣೆಗೆ ವಿವರಣೆ ಕಳುಹಿಸುತ್ತ ಕೂರುವುದು ನಿಮಗೆ ಬೇಕೇ? ದಯವಿಟ್ಟು ಬೇಡ. ನಿಮ್ಮ ಪ್ರಶ್ನೆಯಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ ಸಾಲು ಅದು.

ನಗದು ಒಯ್ಯುವುದು ಸಣ್ಣ ಮೊತ್ತಕ್ಕೆ ಮಾತ್ರ ಆಗುವ ಮಾತು. ಚೀನಾದಿಂದ ಒಬ್ಬರು ಹೊರಗೆ ಒಯ್ಯಬಹುದಾದ ಯುವಾನ್ 20,000, ಅನುಮತಿಪತ್ರವಿಲ್ಲದೆ ಒಯ್ಯಬಹುದಾದ ವಿದೇಶಿ ನೋಟು 5,000 ಡಾಲರ್. ಭಾರತದಲ್ಲಿ ಇಳಿಯುವಾಗ ನೋಟುಗಳು 5,000 ಡಾಲರ್ ಮೌಲ್ಯ ಮೀರಿದರೆ ಕಸ್ಟಮ್ಸ್‌ಗೆ ಘೋಷಣೆ ಕೊಡಬೇಕು.

ಉಳಿದದ್ದು ಬ್ಯಾಂಕು ಒಂದೇ. ಅದರ ಖರ್ಚಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಯುವಾನ್ ಕೊಟ್ಟು ಡಾಲರ್ ಕೊಂಡು ನಿಮ್ಮ ಎನ್‌ಆರ್‌ಇ ಖಾತೆಗೆ, ಅಂದರೆ ಅನಿವಾಸಿ ಭಾರತೀಯರು ಹೊರಗಿನ ದುಡಿಮೆಯನ್ನು ಇಡುವ ಭಾರತದ ಬ್ಯಾಂಕ್ ಖಾತೆಗೆ, ತಂತಿ ವರ್ಗಾವಣೆ ಮಾಡುತ್ತಾರೆ. ಮಧ್ಯದ ಬ್ಯಾಂಕಿನ ಶುಲ್ಕ ಯಾರ ಪಾಲು ಎಂದು ಅರ್ಜಿಯಲ್ಲಿ ಕೇಳಿದರೆ ಕಳುಹಿಸುವವರ ಪಾಲು ಎಂದು ಗುರುತು ಹಾಕಿ, ಇಲ್ಲದಿದ್ದರೆ ದಾರಿಯಲ್ಲಿ ಒಂದಿಷ್ಟು ಡಾಲರ್ ಕಡಿತವಾಗಿ ಬರುತ್ತದೆ. ಹೇಗೂ ಪ್ರತಿ ಸಲವೂ ಶುಲ್ಕ ಬೀಳುವುದರಿಂದ ಚೂರು ಚೂರಾಗಿ ಕಳುಹಿಸಬೇಡಿ. ದರ ಇನ್ನೂ ಚೆನ್ನಾಗಲಿ ಎಂದು ಕಾಯುವುದನ್ನೂ ಬಿಡಿ. ನಿಮಗಿರುವ ಗಡುವು ವರ್ಕ್ ಪರ್ಮಿಟ್‌ನದು. ಅದು ರದ್ದಾದ ಮೇಲೆ ಉಳಿಯಲು ಅಲ್ಪಾವಧಿಯ ವೀಸಾ ಸಿಕ್ಕರೂ ಬ್ಯಾಂಕಿನ ಶಾಖೆ ಹಿಂದೇಟು ಹಾಕಬಹುದು, ಆಗ ವಾದ ಮಾಡುತ್ತ ಕೂರಲು ನಿಮಗೆ ದಿನಗಳಿರುವುದಿಲ್ಲ. ಆದ್ದರಿಂದ ಈ ವಾರವೇ ಆ್ಯಪ್‌ನಿಂದ ನಾಲ್ಕೂ ವರ್ಷಗಳ ತೆರಿಗೆ ದಾಖಲೆ ಇಳಿಸಿಕೊಳ್ಳಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಎರಡನ್ನೂ ಅಕ್ಷರ ಅಕ್ಷರವಾಗಿ ಬ್ಯಾಂಕಿನ ದಾಖಲೆಯೊಂದಿಗೆ ಹೋಲಿಸಿ. ಸ್ಟುಡಿಯೊ ತೆರೆದಿರುವಾಗಲೇ, ಮಾಲೀಕರೊಂದಿಗೆ ಮನಸ್ತಾಪ ಬಾರದಿರುವಾಗಲೇ, ವರ್ಷಕ್ಕೊಂದರಂತೆ ಆದಾಯ ಪತ್ರಗಳಿಗೆ ಮೊಹರು ಹಾಕಿಸಿಕೊಳ್ಳಿ. ವೀಚಾಟ್‌ಗೆ ಬಂದ ಪಾಲು ಇದ್ದರೆ ಈ ಮಾರ್ಚ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿಯೇ ತೆರಿಗೆ ಕಟ್ಟಿ ಸರಿಮಾಡಿಕೊಳ್ಳಿ. ಅದಕ್ಕಾಗಿ ಒಪ್ಪಂದವನ್ನು ಒಂದು ತಿಂಗಳು ಮುಂದಕ್ಕೆ ಹಾಕಬೇಕಾದರೂ ಹಾಕಿ.

ಭಾರತದ ಕಡೆಯ ಒಂದು ಮಾತು. ಹೊರಗೆ ದುಡಿದು ಉಳಿಸಿದ್ದನ್ನು ತರುವುದಕ್ಕೆ ಇಲ್ಲಿ ತೆರಿಗೆ ಇಲ್ಲ. ಆದರೆ ಜೂನ್‌ನಲ್ಲಿ ಬಂದು ಇಲ್ಲಿಯೇ ನಿಂತರೆ ಆ ಆರ್ಥಿಕ ವರ್ಷದಲ್ಲಿ 182 ದಿನ ದಾಟುತ್ತೀರಿ, ನಿವಾಸಿಯಾಗುತ್ತೀರಿ. ಹಿಂದಿರುಗಿದವರಿಗೆ ಕೆಲವು ವರ್ಷ ವಿದೇಶಿ ಆದಾಯಕ್ಕೆ ತೆರಿಗೆ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆ ಸ್ಥಿತಿ ಸಿಗಬೇಕಾದರೆ ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿರಬೇಕು, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿದ್ದ ದಿನಗಳು 729 ಮೀರಬಾರದು. ನಾಲ್ಕೇ ವರ್ಷ ಹೊರಗಿದ್ದ ನಿಮಗೆ ಎರಡೂ ಹೊಂದುವುದಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗಿನ ಚೀನಾ ಸಂಬಳವನ್ನು ಇಲ್ಲಿ ತೋರಿಸಿ, ಅಲ್ಲಿ ಕಟ್ಟಿದ ತೆರಿಗೆಯನ್ನು ಕಳೆಯಿಸಿಕೊಳ್ಳಬೇಕು. ಅಲ್ಲಿ ಖಾತೆ ಉಳಿದಿದ್ದರೆ ರಿಟರ್ನ್‌ನ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ ನಮೂದಿಸಬೇಕು. ನನ್ನದನ್ನು ಪ್ರತಿ ವರ್ಷ ನಮೂದಿಸುತ್ತಿದ್ದೇನೆ. ಅಲ್ಲಿನ ಮೊಬೈಲ್ ಸಂಖ್ಯೆಯನ್ನು ಮಾತ್ರ, ಕೊನೆಯ ಯುವಾನ್ ಬರುವವರೆಗೆ, ರೀಚಾರ್ಜ್ ಮಾಡಿಸಿ ಜೀವಂತ ಇಟ್ಟುಕೊಳ್ಳಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ.

ಒಪ್ಪಂದದಲ್ಲಿ ಬರೆದ ಸಂಬಳ ಎಷ್ಟು, ನಿಜವಾಗಿ ಕೈಗೆ ಬಂದದ್ದು ಎಷ್ಟು, ತಿಂಗಳ ಖರ್ಚು ಸುಮಾರು ಎಷ್ಟು, ಈ ಮೂರನ್ನು ಬರೆಯಿರಿ. ಎಷ್ಟು ಡಾಲರ್ ಕೊಳ್ಳಲು ಬ್ಯಾಂಕ್ ಬಿಡುತ್ತದೆ, ಎಷ್ಟಕ್ಕೆ ಬಾಕಿ ತೆರಿಗೆ ಕಟ್ಟಬೇಕು ಎಂದು ನಾನೇ ಲೆಕ್ಕ ಹಾಕಿ ತಿಳಿಸುತ್ತೇನೆ.